ನಾಲ್ಕನೆಯ ನಿಂಬೆಹಣ್ಣು: ಹಳೆಯ ಯೂನೋಸ್ ಸಾಕಿಕೊಂಡವರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸಿನಲ್ಲಿ ಯೂನೋಸ್ ರೋಡ್‌ಸ್ಟರ್ ಇಟ್ಟುಕೊಂಡಿರುವ ಕನ್ನಡದ ಗೆಳೆಯ ಗೆಳತಿಯರಿಗೆ,



ಈ ಸಲದ ಯುಗಾದಿ ಊಟದ ದಿನ ನಿಮ್ಮಲ್ಲಿ ನಾಲ್ಕು ಮಂದಿ ಒಬ್ಬೊಬ್ಬರಾಗಿ ಬಂದು ನನ್ನನ್ನು ಪಕ್ಕಕ್ಕೆ ಕರೆದಿರಿ. ಒಬ್ಬರಂತೂ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದಿದ್ದರು. ನಾಲ್ವರ ಪ್ರಶ್ನೆಯೂ ಒಂದೇ: "ಸಾರ್, ಚಕ್ರ ಬಿಸಿ ಆಗ್ತಿದೆ, ಕ್ಯಾಲಿಪರ್ ಬದಲಾಯಿಸ್ಬೇಕಂತೆ. ಯಾವ್ದು ತರಿಸ್ಲಿ?" ಹೊರಗೆ ಕಾರುಗಳ ಹತ್ತಿರ ನಿಂತು ಹೇಳಲು ಶುರುಮಾಡಿದೆ, ಮಳೆ ಬಂತು, ಎಲ್ಲರೂ ಒಳಗೆ ಓಡಿದೆವು. ಅಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಗಿಸುತ್ತಿದ್ದೇನೆ. ಕೇಳದೆ ಸುಮ್ಮನಿದ್ದವರಿಗೂ ಇದು ಬೇಕಾಗುತ್ತದೆಂದು ಎಲ್ಲರ ಹೆಸರಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಕೆಲಸ ಕಾರು ಕಂಪನಿಯಲ್ಲೇ, ಆದರೆ ಕೈಗೆ ಗ್ರೀಸು ತಾಗದ ಮೇಜಿನ ಕೆಲಸ. ಈ ವಿಷಯದಲ್ಲಿ ಮಾತಾಡಲು ನನಗಿರುವ ಯೋಗ್ಯತೆ ಒಂದೇ: ನೀವು ಮಾಡಲು ಹೊರಟಿರುವ ತಪ್ಪನ್ನು ನಾನು ಎಂಟು ವರ್ಷದ ಹಿಂದೆಯೇ ಕೈಯಿಂದ ದುಡ್ಡು ತೆತ್ತು ಮಾಡಿ ಮುಗಿಸಿದ್ದೇನೆ.

ಅದು ಆಯುಧಪೂಜೆಯ ಬೆಳಗ್ಗೆ. ಕುಂಕುಮ, ಸೇವಂತಿಗೆ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ರಾತ್ರಿಯಿಡೀ ಸುರಿದ ಮಳೆಗೆ ಮನೆಯ ಮುಂದಿನ ಕಲ್ಲುಹಾಸು ಪಾಚಿಗಟ್ಟಿದಂತೆ ಜಾರುತ್ತಿತ್ತು. ಮಗಳು ಆರತಿ ಎತ್ತಿದಳು, ನಾನು ಕ್ಲಚ್ ಬಿಟ್ಟೆ. ಮೂರು ಹಣ್ಣು ಪಚಕ್ಕೆಂದವು. ಹಿಂದಿನ ಎಡಗಡೆಯದು ಮಾತ್ರ ಅಪ್ಪಚ್ಚಿಯಾಗದೆ ಚಕ್ರದ ಮುಂದೆ ಜಾರಿಕೊಂಡು ಹೋಯಿತು. ಚಕ್ರ ಉರುಳುತ್ತಿರಲಿಲ್ಲ, ನೇಗಿಲಿನ ಹಾಗೆ ಎಳೆದುಕೊಂಡು ಬರುತ್ತಿತ್ತು. ಹ್ಯಾಂಡ್ ಬ್ರೇಕ್ ಇಳಿಸಿದ್ದೆ, ಆದರೆ ಹಿಂದಿನ ಕ್ಯಾಲಿಪರ್ ಅದನ್ನು ಒಪ್ಪಿರಲಿಲ್ಲ. ಇಲ್ಲಿನ ವಾರ್ಷಿಕ ಎಂಒಟಿ ಪರೀಕ್ಷೆಯವರು ಹೇಳುವ ಮೊದಲೇ ನಿಂಬೆಹಣ್ಣು ಹೇಳಿಬಿಟ್ಟಿತ್ತು.

ಕ್ಯಾಲಿಪರ್ ಯಾಕೆ ಹೀಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ತಿಳಿದಿದ್ದರೆ ಅರ್ಧ ಖರ್ಚು ಉಳಿಯುತ್ತದೆ. ನಮ್ಮ ಕಾರಿನದು ಒಂದೇ ಪಿಸ್ಟನ್ನಿನ, ಜಾರುವ ಜಾತಿಯ ಕ್ಯಾಲಿಪರ್. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಎದುರಾಗಿ ಕ್ಯಾಲಿಪರಿನ ಒಡಲೇ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಕರೆಯಲು ಒಳಗೆ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಬಳೆ ಇರುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಅದು ಅದರ ಜೊತೆ ತಿರುಚಿಕೊಳ್ಳುತ್ತದೆ, ಒತ್ತಡ ಇಳಿದಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಆ ಕೂದಲೆಳೆಯ ಮೇಲೆ. ಧೂಳು ತಡೆಯುವ ರಬ್ಬರ್ ಹರಿದು ನೀರು ಒಳಹೊಕ್ಕು ಪಿಸ್ಟನ್ ಮೇಲೆ ಒಂದು ಚುಕ್ಕೆ ತುಕ್ಕು ಎದ್ದರೂ ಸಾಕು, ಬಳೆ ಸೋಲುತ್ತದೆ.

ಈ ನಾಡಿನ ಚಳಿಗಾಲವಂತೂ ಅದಕ್ಕೆಂದೇ ಹುಟ್ಟಿದ್ದು. ಚೆಷೈರಿನ ವಿನ್ಸ್‌ಫರ್ಡ್ ಗಣಿಯಿಂದ ಅಗೆದ ಕಲ್ಲುಪ್ಪನ್ನು ರಸ್ತೆಗೆ ಎರಚುತ್ತಾರೆ, ನಾವು ಅದರ ಮೇಲೆ ಓಡಿಸಿ ತಂದು ಎರಡು ತಿಂಗಳು ಹೊದಿಕೆ ಹಾಕಿ ನಿಲ್ಲಿಸುತ್ತೇವೆ. ಕಾರು ಓಡಿಸಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು.

ಅಂದಮಾತ್ರಕ್ಕೆ ಚಕ್ರ ಬಿಸಿಯಾದರೆಲ್ಲ ಕ್ಯಾಲಿಪರಿನ ತಪ್ಪಲ್ಲ. ದುಡ್ಡು ಬಿಚ್ಚುವ ಮೊದಲು ಮೂರು ನೋಟ ನೋಡಿ. ಹಿಂದಿನ ಚಕ್ರವಾದರೆ ಕ್ಯಾಲಿಪರಿನ ಸನ್ನೆಯಿಂದ ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿ. ಸನ್ನೆ ಟಕ್ಕೆಂದು ಹಿಂದಕ್ಕೆ ಬಂದು ಕೂತರೆ ಕಳ್ಳ ಕೇಬಲ್ಲು, ಕ್ಯಾಲಿಪರ್ ಅಲ್ಲ. ಚಕ್ರ ಹಿಡಿದಿರುವಾಗಲೇ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿ. ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು ಒತ್ತಡ ಹಿಡಿದಿಟ್ಟಿದೆ ಎಂದು ಅನುಮಾನಿಸಿ, ಮೂವತ್ತು ವರ್ಷದ ಹೋಸಿಗೆ ಅದು ಸಹಜ. ಒಳಗಿನ ಪ್ಯಾಡ್ ತೆಳ್ಳಗಾಗಿ ಹೊರಗಿನದು ದಪ್ಪಗೇ ಉಳಿದಿದ್ದರೆ ಜಾರುವ ಪಿನ್ನುಗಳು ಜಾಮ್ ಆಗಿವೆ. ಅದಕ್ಕೆ ಬೇಕಾಗಿರುವುದು ಹೊಸ ಕ್ಯಾಲಿಪರ್ ಅಲ್ಲ, ಉಜ್ಜುಕಾಗದ ಮತ್ತು ಗ್ರೀಸು.

ಗ್ರೀಸು ಅಂದೆ, ಯಾವುದೋ ಡಬ್ಬದ್ದು ಬಳಿಯಬೇಡಿ. ಪೆಟ್ರೋಲಿಯಂ ಮೂಲದ ಗ್ರೀಸು ಬ್ರೇಕಿನ ರಬ್ಬರನ್ನು ಊದಿಸುತ್ತದೆ. ಇಲ್ಲಿ ಸಿಗುವ ಕೆಂಪು ರಬ್ಬರ್ ಗ್ರೀಸಿನ ಮೂಲದ್ರವ್ಯ ನಮ್ಮ ಹರಳೆಣ್ಣೆ. ಹಳೆಯ ಕಾಲದ ಬ್ರೇಕ್ ದ್ರವದಲ್ಲೂ ಹರಳೆಣ್ಣೆಯೇ ಇರುತ್ತಿತ್ತು. ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಹಿರೋಶಿಮಾದ ಕಾರಿಗೆ ಕಾವೆಂಟ್ರಿಯಲ್ಲಿ ಬೇಕಾಗುತ್ತದೆಂದು ಯಾರು ಕಂಡಿದ್ದರು!

ಈಗ ನನ್ನ ತಪ್ಪಿನ ಕಥೆ.

ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಏನು ಕೇಳಿದರೂ ಮೊದಲು ಕೇಳುವುದು ಕಾರಿನ ನಂಬರ್ ಪ್ಲೇಟು. ನಂಬರ್ ಒತ್ತಿದರೆ ಕಂಪ್ಯೂಟರು ಭಾಗದ ಸಂಖ್ಯೆ ಉಗುಳುತ್ತದೆ. ಬ್ರಿಟನ್ನಿನಲ್ಲೇ ಹೊಸದಾಗಿ ಮಾರಿದ ಕಾರಿಗೆ ಇದು ಸರಿ. ನಮ್ಮವು ಹಾಗಲ್ಲ. ಯೂನೋಸ್ ಎಂಬುದು ಮಾಜ್ದಾ ತನ್ನ ದೇಶದಲ್ಲಿ ಕಟ್ಟಿದ್ದ ಒಂದು ಮಾರಾಟ ಬಳಗದ ಹೆಸರು. 1989ರ ಸೆಪ್ಟೆಂಬರಿನಿಂದ ಅಲ್ಲಿ ಆ ಹೆಸರಲ್ಲಿ ಮಾರಿದ ಕಾರೇ ಇಲ್ಲಿ ಎಂಎಕ್ಸ್-5 ಆಗಿ ಬಂತು. ಜಪಾನಿನಲ್ಲಿ 'ಶಾಕೆನ್' ಎಂಬ ದುಬಾರಿ ತಪಾಸಣೆ ಇದೆ, ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಅದರ ಖರ್ಚಿಗೆ ಬೇಸತ್ತು ಮಾರಿದ ಕಾರುಗಳು ಸ್ಟಿಯರಿಂಗ್ ಬಲಗಡೆಯೇ ಇರುವುದರಿಂದ ಸಲೀಸಾಗಿ ಬ್ರಿಟನ್ನಿಗೆ ಹಡಗೇರಿದವು. ಹಾಗೆ ಬಂದ ಕಾರಿನ ನೋಂದಣಿ ಪುಸ್ತಕದಲ್ಲಿ ಮೊದಲ ನೋಂದಣಿಯ ದಿನವೂ ಬ್ರಿಟನ್ನಿನಲ್ಲಿ ನೋಂದಣಿಯಾದ ದಿನವೂ ಬೇರೆ ಬೇರೆ ಸಾಲಿನಲ್ಲಿರುತ್ತವೆ.

ನನ್ನ ಕಾರಿನ ನಂಬರಿಗೆ ಅಂಗಡಿಯ ಕಂಪ್ಯೂಟರು ಏನೂ ಹೇಳಲಿಲ್ಲ. ಗಲ್ಲೆಯ ಹಿಂದಿನ ಹುಡುಗ ಚಾಸಿ ನಂಬರು ಕೇಳಿದ. ಅದನ್ನು ಕೊಟ್ಟೆ. ಇಲ್ಲಿನ ಕಾರಿಗೆ ಹದಿನೇಳು ಅಕ್ಷರ ಅಂಕಿಗಳ ಉದ್ದನೆಯ ಸಂಖ್ಯೆ, ಜಪಾನಿನದಕ್ಕೆ ಚುಟುಕು ಸಂಖ್ಯೆ. ಕಂಪ್ಯೂಟರು ಅದನ್ನೂ ನುಂಗಲಿಲ್ಲ. "ಸರಿ, ಯಾವ ವರ್ಷದ್ದು?" ಎಂದ. ನಾನು ಪುಸ್ತಕ ತೆಗೆದು ಬ್ರಿಟನ್ನಿನ ನೋಂದಣಿಯ ಸಾಲು ನೋಡಿ ಘನಗಾಂಭೀರ್ಯದಿಂದ "1997" ಎಂದೆ. 1997ರ ಇಲ್ಲಿನ ಕಾರಿಗೆ ಹೊಂದುವ, 1.8 ಇಂಜಿನ್ನಿನ ಹಿಂದಿನ ಕ್ಯಾಲಿಪರ್ ಎರಡು ದಿನದಲ್ಲಿ ಬಂತು, ಅದನ್ನು ಹೊರುವ ಹಿಡಿಕೆ (ಬ್ರಾಕೆಟ್) ಸಮೇತ. ನನ್ನ ಕಾರು ಹುಟ್ಟಿದ್ದು 1990ರಲ್ಲಿ, 1.6 ಇಂಜಿನ್.

ಹುಡುಗನನ್ನು ಬೈಯುವುದಿಲ್ಲ. ಕೇಳಿದ್ದಕ್ಕೆ ತಪ್ಪು ಉತ್ತರ ಕೊಟ್ಟವನು ನಾನೇ. ಆದರೆ ಮುಂದಿನದು ಕೇಳಿ: ಆ ತಪ್ಪು ಭಾಗ ನನ್ನ ಕಾರಿಗೆ ಸರಾಗವಾಗಿ ಕೂತಿತು! ಬೋಲ್ಟಿನ ತೂತುಗಳು ಹೊಂದಿದವು, ಹೋಸ್ ಹೊಂದಿತು, ಕೇಬಲ್ ಹೊಂದಿತು. ಬಿಗಿದು, ಗಾಳಿ ತೆಗೆದು, ಕೈ ಒರೆಸಿಕೊಂಡು ಕಾಫಿ ಕುಡಿದೆ. ಎರಡು ವಾರ ಓಡಿಸಿದೆ. ಏನೋ ಉಜ್ಜುವ ಸದ್ದು ಬಂದಾಗ ಚಕ್ರ ಬಿಚ್ಚಿದೆ. ಪ್ಯಾಡಿನ ಹೊರ ಅಂಚು ಡಿಸ್ಕಿನ ಆಚೆಗೆ ಚಾಚಿಕೊಂಡು, ಸವೆಯದೆ ಉಳಿದ ಆ ಭಾಗ ಹಲ್ಲಿನಂತೆ ಡಿಸ್ಕಿನ ಅಂಚನ್ನು ಕಚ್ಚುತ್ತಿತ್ತು. 1.6 ಕಾರಿನ ಹಿಂದಿನ ಡಿಸ್ಕ್ 231 ಮಿ.ಮೀ., 1.8ರದು 251. ವ್ಯಾಸದಲ್ಲಿ ಇಪ್ಪತ್ತು, ಅಂದರೆ ತ್ರಿಜ್ಯದಲ್ಲಿ ಹತ್ತು. ದೊಡ್ಡ ಡಿಸ್ಕಿಗೆಂದು ಮಾಡಿದ ಹಿಡಿಕೆ ಪ್ಯಾಡನ್ನು ಹತ್ತು ಮಿ.ಮೀ. ಹೊರಗೆ ಹಿಡಿದಿತ್ತು.

ಈ ಪತ್ರ ಬರೆದದ್ದೇ ಇದಕ್ಕಾಗಿ. ಬೇರೆ ಕಾರುಗಳಲ್ಲಿ ತಪ್ಪು ಭಾಗ ಕೂರುವುದಿಲ್ಲ, ಕೂರದಿರುವುದೇ ನಿಮ್ಮನ್ನು ಕಾಯುತ್ತದೆ. ನಮ್ಮ ಕಾರಿನಲ್ಲಿ ತಪ್ಪು ಭಾಗವೂ ಅಳಿಯನ ಹಾಗೆ ಬಂದು ಕೂತುಬಿಡುತ್ತದೆ. ಆದ್ದರಿಂದ "ಹೊಂದಿತು" ಎಂಬ ಮಾತು ನಮಗೆ ಸಾಕ್ಷಿಯೇ ಅಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಬಾನೆಟ್ ಎತ್ತಿ, ಹಿಂದಿನ ಗೋಡೆಯ ಮೇಲಿನ ತಗಡಿನ ಪಟ್ಟಿ ನೋಡಿ. ಸುತ್ತ ಜಪಾನಿ ಲಿಪಿ ಇದ್ದರೂ ಮಾದರಿಯ ಸಂಕೇತ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. 'ಎನ್‌ಎ6ಸಿಇ' ಎಂದಿದ್ದರೆ 1.6, 'ಎನ್‌ಎ8ಸಿ' ಎಂದಿದ್ದರೆ 1993ರಿಂದ ಬಂದ 1.8. ಮೊದಲನೆಯದಕ್ಕೆ ಮುಂದೆ 235, ಹಿಂದೆ 231 ಮಿ.ಮೀ. ಡಿಸ್ಕು. ಎರಡನೆಯದಕ್ಕೆ 255 ಮತ್ತು 251. ಆಮೇಲಿನ ತಲೆಮಾರಿನ, 2001ರ ಸುಮಾರಿನ ಸ್ಪೋರ್ಟ್ ಕಾರುಗಳ ದೊಡ್ಡ ಬ್ರೇಕು 270 ಮತ್ತು 276. ಅದನ್ನು ತಂದು ನಮ್ಮ ಕಾರಿಗೆ ಹಾಕಿದವರೂ ಇದ್ದಾರೆ, ಆದರೆ ಅದಕ್ಕೆ 15 ಇಂಚಿನ ಚಕ್ರ ಬೇಕು.

ಪಟ್ಟಿ ನೋಡಿದ್ದಾಯಿತು ಎಂದು ಅಲ್ಲಿಗೇ ನಿಲ್ಲಬೇಡಿ. ಕಾರ್ಖಾನೆಯಿಂದ ಹೊರಟಾಗ ಏನಿತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ನಡುವೆ ಎಷ್ಟು ಕೈ ದಾಟಿದೆಯೋ! ಯಾರೋ ಹುಮ್ಮಸ್ಸಿನವರು 1.6 ಕಾರಿಗೆ 1.8ರ ಬ್ರೇಕು ಏರಿಸಿ, ಆ ಸಂಗತಿಯನ್ನು ಯಾರಿಗೂ ಹೇಳದೆ ಮಾರಿರಬಹುದು. ಚಕ್ರ ಬಿಚ್ಚಿ, ಉಕ್ಕಿನ ಅಳತೆಪಟ್ಟಿ ಹಿಡಿದು ಹಬ್ಬಿನ ನಡುವಿನಿಂದ ಡಿಸ್ಕಿನ ಅಂಚಿನವರೆಗೆ ಅಳೆಯಿರಿ, ಎರಡರಿಂದ ಗುಣಿಸಿ. ನಾಲ್ಕೂ ಚಕ್ರಕ್ಕೆ, ಬೇಸರ ಬೇಡ. ಮುಂದೆ 255, ಹಿಂದೆ 231 ಇದ್ದ ಕಾರನ್ನು ನಮ್ಮ ಗುಂಪಿನಲ್ಲೇ ಕಂಡಿದ್ದೇನೆ. ಮುಂದಿನ ಕ್ಯಾಲಿಪರಿನ ಒಡಲು 1.6ಕ್ಕೂ 1.8ಕ್ಕೂ ಹೊಂದುತ್ತದೆ, ವ್ಯತ್ಯಾಸ ಅದನ್ನು ಹೊತ್ತ ಹಿಡಿಕೆಯಲ್ಲಿ. ಹಾಗಾಗಿ ಕ್ಯಾಲಿಪರ್ ನೋಡಿ ತಿಳಿಯುವುದಿಲ್ಲ, ಡಿಸ್ಕ್ ಅಳೆದೇ ತಿಳಿಯಬೇಕು.

ಅಳೆಯುವಾಗಲೇ ದಪ್ಪವನ್ನೂ ನೋಡಿಬಿಡಿ. ಮುಂದಿನ ಡಿಸ್ಕು 1.6ರದು ಹೊಸದರಲ್ಲಿ 18 ಮಿ.ಮೀ., 16ಕ್ಕೆ ಬಂದರೆ ಬದಲಾಯಿಸಬೇಕು. 1.8ರದು 20, ಕೊನೆ 18. ಇದಕ್ಕೆ ಬೇಕಾದ ಉಪಕರಣದ ಹೆಸರೂ ಕ್ಯಾಲಿಪರೇ, ಡಿಪ್ಲೊಮಾದ ಲ್ಯಾಬಿನಲ್ಲಿ ಕೈಯಾಡಿಸಿದ ಅದೇ ವರ್ನಿಯರ್. ಡಿಸ್ಕಿನ ಅಂಚಿನಲ್ಲಿ ಸವೆಯದೆ ಉಳಿದ ದಿಂಡು ಅಳತೆಯನ್ನು ಕೆಡಿಸುತ್ತದೆ. ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ.

ಹೊಸದು ತರಿಸುವ ಮುಂಚೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ: ನಿಮ್ಮದನ್ನೇ ಬಿಚ್ಚಿ ರಿಪೇರಿ ಮಾಡುವುದು. ರಬ್ಬರ್ ಬಳೆ ಕೂತಿರುವುದು ಒಡಲಿನ ತೋಡಿನಲ್ಲಿ, ಅದು ಉಜ್ಜುವುದು ಪಿಸ್ಟನ್ನಿನ ಮೈಯನ್ನು. ಆದ್ದರಿಂದ ಒಡಲಿನ ಒಳಗೆ ತೆಳುವಾಗಿ ತುಕ್ಕು ಹಿಡಿದಿದ್ದರೂ ಆ ತೋಡು ಚೊಕ್ಕಟ ಮಾಡಿದರೆ ಸಾಕು, ಪಿಸ್ಟನ್ ಮಾತ್ರ ಕನ್ನಡಿಯಂತಿರಬೇಕು. ಹೊಸ ಪಿಸ್ಟನ್, ಹೊಸ ರಬ್ಬರುಗಳ ಕಿಟ್ ಸಿಗುತ್ತದೆ. ನಿಮ್ಮ ಕ್ಯಾಲಿಪರ್ ನಿಮ್ಮ ಕಾರಿಗೇ ವಾಪಸ್ ಹೋಗುವಾಗ ಗುರುತಿಸುವ ತಂಟೆಯೇ ಇಲ್ಲವಲ್ಲ. ಹಾಗಲ್ಲದೆ ಹಳೆಯದು ಕೊಟ್ಟು ನವೀಕರಿಸಿದ್ದನ್ನು ತರುವುದಾದರೆ ಠೇವಣಿ ಕಟ್ಟಿಸಿಕೊಳ್ಳುತ್ತಾರೆ. ಆ ಠೇವಣಿಯ ಆಸೆಗೆ ಹಳೆಯದನ್ನು ಅವಸರದಲ್ಲಿ ಕಳಿಸಬೇಡಿ. ಎರಡನ್ನೂ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು, ಹಿಡಿಕೆಯ ತೂತಿನಿಂದ ಪ್ಯಾಡ್ ಕೂರುವ ಜಾಗದವರೆಗಿನ ದೂರ ನೋಡಿ, ಆಮೇಲೆ ಕಳಿಸಿ. ನಾನು ಕಳಿಸಿಬಿಟ್ಟಿದ್ದೆ. ತಪ್ಪು ಗೊತ್ತಾಗುವ ಹೊತ್ತಿಗೆ ನನ್ನ ಹಳೆಯ ಕ್ಯಾಲಿಪರ್ ಯಾರ ಕಾರಿನಲ್ಲಿತ್ತೋ.

ಬದಲಾಯಿಸುವ ಕೆಲಸದ ಎಲ್ಲ ಹಂತವನ್ನೂ ಬರೆಯುವುದಿಲ್ಲ, ಕೈಪಿಡಿಗಳಿವೆ. ಜಾಕಿಯನ್ನು ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ಬ್ರೇಕಿನ ಧೂಳನ್ನು ಊದಬೇಡಿ. ಹೋಸ್ ಜೋಡಿಸುವ ಟೊಳ್ಳು ಬೋಲ್ಟಿನ ಎರಡು ಬದಿಗೂ ಹೊಸ ತಾಮ್ರದ ವಾಷರ್ ಹಾಕಿ, ಹಳೆಯದಕ್ಕೆ ಜಿಪುಣತನ ಮಾಡಿದರೆ ಸೋರುತ್ತದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅದಲುಬದಲಾದರೂ ಕೂರುತ್ತದೆ (ಈ ಕಾರಿನ ಬುದ್ಧಿ ನಿಮಗೆ ಈಗ ಗೊತ್ತಲ್ಲ), ಆದರೆ ನಿಪ್ಪಲ್ ಕೆಳಕ್ಕೆ ಬಂದು ಗಾಳಿ ಮೇಲೆಯೇ ಸಿಕ್ಕಿಕೊಂಡು ಪೆಡಲ್ ಸ್ಪಂಜಿನಂತಾಗುತ್ತದೆ. ನಿಪ್ಪಲ್ ಯಾವಾಗಲೂ ಮೇಲಿರಬೇಕು. ಹಿಡಿಕೆಯ ಬೋಲ್ಟಿಗೆ 49ರಿಂದ 69, ಚಕ್ರದ ನಟ್ಟಿಗೆ 88ರಿಂದ 118 ನ್ಯೂಟನ್ ಮೀಟರ್ ಬಿಗಿ.

ಹಿಂದಿನ ಕ್ಯಾಲಿಪರಿನ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು, ಅನುಭವಿ ಗ್ಯಾರೇಜಿನವರೂ ಎಡವುವುದು ಅಲ್ಲೇ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಹಿಂದಕ್ಕೆ ಹೋಗಬೇಕು. ಮುಂದಿನದನ್ನು ಹಿಡಿಕ್ಕಳದಿಂದ ಒತ್ತಬಹುದು. ಹಿಂದಿನದರೊಳಗೆ ಹ್ಯಾಂಡ್ ಬ್ರೇಕಿನ ಯಂತ್ರ ಕೂತಿದೆ, ಒತ್ತಿದರೆ ಮುರಿಯುತ್ತದೆ. ಬಹಳಷ್ಟು ಬೇರೆ ಕಾರುಗಳಲ್ಲಿ ಪಿಸ್ಟನ್ನನ್ನು ತಿರುಗಿಸಿ ಒಳಗೆ ಕಳಿಸುವ ಉಪಕರಣ ಬಳಸುತ್ತಾರೆ, ಅದನ್ನು ಇದಕ್ಕೂ ಹಚ್ಚಿ ಕೆಡಿಸುತ್ತಾರೆ. ಇಲ್ಲಿನ ಉಪಾಯವೇ ಬೇರೆ. ಕ್ಯಾಲಿಪರಿನ ಬೆನ್ನಿನಲ್ಲಿ 14ರ ಸ್ಪಾನರ್ ಹಿಡಿಯುವ ಒಂದು ಮುಚ್ಚಳದ ಬೋಲ್ಟಿದೆ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುವ ತಿರುಪು ಸಿಗುತ್ತದೆ. ಎಡಕ್ಕೆ ತಿರುಗಿಸಿದರೆ ಪಿಸ್ಟನ್ ತಾನಾಗಿ ಹಿಂದಕ್ಕೆ ಹೋಗುತ್ತದೆ. ಎಲ್ಲ ಜೋಡಿಸಿದ ಮೇಲೆ ಪ್ಯಾಡು ಡಿಸ್ಕನ್ನು ಹಿಡಿಯುವವರೆಗೆ ಬಲಕ್ಕೆ ತಿರುಗಿಸಿ, ಅಲ್ಲಿಂದ ಮೂರನೇ ಒಂದು ಸುತ್ತು ಬಿಡಿ. ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯುವುದೂ ಬಿಡುವುದೂ ಆ ಮೂರನೇ ಒಂದು ಸುತ್ತಿನಲ್ಲಿದೆ.

ಬ್ರೇಕ್ ಆಯಿಲ್ ಎನ್ನುತ್ತೇವೆ, ಅದು ಎಣ್ಣೆಯಲ್ಲ, ಗಾಳಿಯ ತೇವ ಹೀರುವ ದ್ರವ. ಡಾಟ್ 4 ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ಗೂ ಕುದಿಯಬಾರದೆಂಬುದು ನಿಯಮ, ನೀರು ಹೀರಿದ ಮೇಲಿನ ಮಿತಿ 155ಕ್ಕೆ ಇಳಿಯುತ್ತದೆ. ಕಪಾಟಿನಲ್ಲಿ ಅರ್ಧ ಉಳಿದ ವರ್ಷದ ಹಿಂದಿನ ಡಬ್ಬವನ್ನು ದಯವಿಟ್ಟು ಎಸೆಯಿರಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಬಣ್ಣ ತಿನ್ನುತ್ತದೆ. ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಬಲಗೈ ಕಾರಿನಲ್ಲಿ ಹಿಂದಿನ ಎಡದಿಂದ. ಕಾರು ಕದಲಿಸುವ ಮೊದಲು ನಿಂತಲ್ಲೇ ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾಯಿತೇ ನೋಡಿ. ಮೊದಲ ಒತ್ತು ನೆಲಕ್ಕೇ ಹೋಗುತ್ತದೆ. ಅದು ಮನೆಯ ಮುಂದೆ ಆದರೆ ನಗು, ರಸ್ತೆಯ ತಿರುವಿನಲ್ಲಾದರೆ ನಗುವ ಮಾತಲ್ಲ.

ದೊಡ್ಡ ಬ್ರೇಕ್ ಹಾಕಿಸುವ ಆಸೆ ಒಬ್ಬರು ತೋಡಿಕೊಂಡಿರಿ. ಹಾಕಿಸಿ, ಆದರೆ ಮುಂದೆ ಹಿಂದೆ ಎರಡೂ ಹಾಕಿಸಿ, ವಿಮೆಯವರಿಗೂ ತಿಳಿಸಿ. ರಸ್ತೆಯಲ್ಲಿ ಓಡಿಸುವವರಿಗೆ ಅದರ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಟನ್ನಿಗೂ ಕಡಿಮೆ ತೂಗುವ ಕಾರು ಇದು, ಚೊಕ್ಕಟವಾಗಿರುವ 235 ಸಾಕು. ಎಂಒಟಿಯಲ್ಲಿ ಕಾರಿನ ಈ ವಯಸ್ಸಿಗೆ ಕೇಳುವುದು ಪೆಡಲ್ ಬ್ರೇಕಿಗೆ ಶೇಕಡಾ 50, ಹ್ಯಾಂಡ್ ಬ್ರೇಕಿಗೆ ಶೇಕಡಾ 16 ದಕ್ಷತೆ. ಬೀಳುವವರು ಹೆಚ್ಚಾಗಿ ಬೀಳುವುದು ಇದರಲ್ಲಲ್ಲ, ಎಡ ಬಲ ಸಮ ಇಲ್ಲದ್ದರಲ್ಲಿ: ಒಂದೇ ಆಕ್ಸಲಿನ ಒಂದು ಚಕ್ರದ ಹಿಡಿತ ಇನ್ನೊಂದರ ಶೇಕಡಾ 70ಕ್ಕಿಂತ ಕಡಿಮೆಯಾದರೆ ನಪಾಸು. ಅದಕ್ಕೇ ಕ್ಯಾಲಿಪರನ್ನು ಜೋಡಿಯಾಗಿಯೇ ನೋಡಬೇಕು.

ನಾವಿರುವ ಊರಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ, ಪಕ್ಕದ ಬರ್ಮಿಂಗ್‌ಹ್ಯಾಮಿನಲ್ಲಿ. ಕಾವೆಂಟ್ರಿಯ ಜಾಗ್ವಾರ್ ಸಿ-ಟೈಪ್ ಡನ್‌ಲಪ್ ಡಿಸ್ಕ್ ಬ್ರೇಕ್ ತೊಟ್ಟು 1953ರ ಲ ಮಾನ್ ಓಟ ಗೆದ್ದ ಮೇಲೆ ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಇಲ್ಲಿ ಹುಟ್ಟಿದ ವಿದ್ಯೆ ಜಪಾನಿಗೆ ಹೋಗಿ, ಹಡಗಿನಲ್ಲಿ ವಾಪಸ್ ಬಂದು, ಈಗ ನಮ್ಮ ಮನೆ ಮುಂದೆ ತುಕ್ಕು ಹಿಡಿದು ಕೂತಿದೆ.

ಬರುವ ಶನಿವಾರ ಮಳೆ ಇಲ್ಲದಿದ್ದರೆ ಬೆಳಗ್ಗೆ ಹತ್ತರಿಂದ ಮನೆಯಲ್ಲೇ ಇರುತ್ತೇನೆ. ಸ್ಟ್ಯಾಂಡು, ವರ್ನಿಯರ್, 4ರ ಅಲೆನ್ ಕೀ ನನ್ನಲ್ಲಿವೆ. ಬಾನೆಟ್ ಒಳಗಿನ ಪಟ್ಟಿಯ ಫೋಟೊ ಮೊದಲೇ ಕಳಿಸಿ. ಹೋಳಿಗೆ ಬಿಟ್ಟು ಎದ್ದುಬಂದವರು ಬಿಸಿಯಾಗುತ್ತಿರುವ ಚಕ್ರದ ಕೇಬಲ್ ಬಿಚ್ಚಿ ನೋಡಿಯೇ ಬನ್ನಿ. ಅಲ್ಲಿಯವರೆಗೆ ಯಾರೂ ಏನನ್ನೂ ತರಿಸಬೇಡಿ.

ಕಾವೆಂಟ್ರಿಯಿಂದ,
ನಿಮ್ಮ ನೀಲಿ ಯೂನೋಸಿನವನು